ಕೆಮ್ಮಿಗೆ ಮೊದಲು ಒಂದು ‘ಹಾ’

ನಮ್ಮ ದೊಡ್ಡಮ್ಮನ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಅವರ ಕೆಮ್ಮಿನಿಂದ. ಐದೂವರೆಗೆ ಶುರುವಾದರೆ ಆರೂಕಾಲಿನವರೆಗೂ ಹಿತ್ತಿಲ ಬಾಗಿಲ ಚೌಕಟ್ಟು ಹಿಡಿದುಕೊಂಡು, ಕುತ್ತಿಗೆಯ ನರ ಉಬ್ಬುವ ಹಾಗೆ ಕೆಮ್ಮುತ್ತಿದ್ದರು. ಇಷ್ಟೆಲ್ಲ ಆದಮೇಲೆ ಒಂದು ಚಮಚದಷ್ಟು ಕಫ ಬಂದರೆ ಬಂತು, ಇಲ್ಲದಿದ್ದರೆ ಅದೂ ಇಲ್ಲ. ಆಮೇಲೆ ಅರ್ಧ ಗಂಟೆ ಗೋಡೆಗೆ ಒರಗಿ ಕೂರುವರು. ತಂದಿಟ್ಟ ಕಾಫಿ ಆರಿಹೋಗುತ್ತಿತ್ತು.

ಅವರಿಗೆ ಇಪ್ಪತ್ತೆಂಟನೇ ವಯಸ್ಸಿನಲ್ಲಿ ಕ್ಷಯ ಬಂದಿತ್ತು. ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿ ಗುಣವಾದರು. ರೋಗ ಹೋಯಿತು, ಆದರೆ ಹೋಗುವಾಗ ಎಡ ಶ್ವಾಸಕೋಶದ ಗಾಳಿಕೊಳವೆಗಳನ್ನು ಜೋಲು ಬೀಳಿಸಿ ಹೋಯಿತು. ವೈದ್ಯರು ಇದನ್ನು ಬ್ರಾಂಕಿಯೆಕ್ಟೇಸಿಸ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದು ಅಪರೂಪದ್ದೇನಲ್ಲ. 31 ಕೇಂದ್ರಗಳಿಂದ 2,195 ರೋಗಿಗಳ ವಿವರ ಕಲೆಹಾಕಿ 2019ರಲ್ಲಿ ಪ್ರಕಟವಾದ ಭಾರತದ ದಾಖಲಾತಿಯಲ್ಲಿ, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಈ ತೊಂದರೆ ಬಂದದ್ದು ಹಳೆಯ ಕ್ಷಯದಿಂದಲೇ. ದೊಡ್ಡಮ್ಮ ಇಪ್ಪತ್ತು ವರ್ಷ ಆಸ್ಪತ್ರೆಗಳಿಗೆ ಅಲೆದರು. ಸಿರಪ್ಪು ಬರೆದುಕೊಟ್ಟರು, ಆಂಟಿಬಯಾಟಿಕ್ ಕೊಟ್ಟರು. ಕಫವನ್ನು ಮೇಲೆ ತರುವುದು ಹೇಗೆಂದು ಮಾತ್ರ ಒಬ್ಬರೂ ಹತ್ತು ನಿಮಿಷ ಕೂತು ಹೇಳಿಕೊಡಲಿಲ್ಲ. ಈ ಸಂಕಟ ನನ್ನಲ್ಲಿ ಇನ್ನೂ ಇದೆ. ಈ ವಾರದ ಬರಹ ಅದರಿಂದಲೇ ಹುಟ್ಟಿದ್ದು.

ಈ ಅಂಕಣದಲ್ಲಿ ಕೊಳಲಿಗೆ ಬೇಕಾದ ಉಸಿರು, ಶಂಖಕ್ಕೆ ಬೇಕಾದ ಉಸಿರು, ಬಾವಿಯಲ್ಲಿ ಮುಳುಗು ಹೊಡೆಯುವವರು ಕಟ್ಟುವ ಉಸಿರು ಎಂದೆಲ್ಲ ಬರೆದಿದ್ದೇನೆ. ಆದರೆ ನಾನು ಕಂಡ ಉಸಿರಿನ ಕೆಲಸಗಳಲ್ಲೆಲ್ಲ ಅತಿ ನಾಜೂಕಿನದು ಎದೆಯ ಕಫವನ್ನು ಅದರ ಮೂಲೆಯಿಂದ ಎಬ್ಬಿಸಿ ಗಂಟಲಿಗೆ ತರುವ ಉಸಿರು. ಅದನ್ನು ಮಾಡುವವರಿಗೆ ಚಪ್ಪಾಳೆಯಿಲ್ಲ. ಹಿತ್ತಿಲಲ್ಲೋ ಬಚ್ಚಲಲ್ಲೋ ಒಬ್ಬರೇ ಮಾಡುತ್ತಾರೆ.

ಮೊದಲು ಕಫದ ಪರವಾಗಿ ಎರಡು ಮಾತು. ಗಾಳಿಯ ಕೊಳವೆ ಎದೆಯೊಳಗೆ ಕವಲೊಡೆಯುತ್ತ, ಕವಲು ಮತ್ತೆ ಕವಲಾಗುತ್ತ, ಸುಮಾರು 23 ಸಲ ಒಡೆದು ಗಾಳಿಗೂಡುಗಳನ್ನು ಮುಟ್ಟುತ್ತದೆ. ಈ ಕೊಳವೆಗಳ ಒಳಗೋಡೆಗೆ ಲೋಳೆಯ ತೆಳು ಹೊದಿಕೆಯಿದೆ. ಬೆಂಡೆಕಾಯಿ ಹೆಚ್ಚುವಾಗ ಬೆರಳಿಗೆ ಅಂಟುತ್ತದಲ್ಲ, ಹಾಗೆ. ಅದರಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗಿಂತ ಹೆಚ್ಚು ಬರೀ ನೀರು. ಉಸಿರಿನ ಜೊತೆ ಬಂದ ಧೂಳು, ಹೊಗೆಯ ಮಸಿ, ರೋಗಾಣು ಎಲ್ಲವೂ ಅದಕ್ಕೆ ಅಂಟಿಕೊಳ್ಳುತ್ತವೆ. ಹೊದಿಕೆಯ ಕೆಳಗೆ ಕಣ್ಣಿಗೆ ಕಾಣದ ರೋಮಗಳು, ಒಂದೊಂದು ಜೀವಕೋಶದ ಮೇಲೂ ಸುಮಾರು ಇನ್ನೂರು. ಭತ್ತದ ಗದ್ದೆಯ ಮೇಲೆ ಗಾಳಿ ಹಾದಾಗ ಪೈರು ಅಲೆಯಲೆಯಾಗಿ ಬಾಗುವಂತೆ ಅವು ಸೆಕೆಂಡಿಗೆ ಹತ್ತಿಪ್ಪತ್ತು ಸಲ ಬಾಗಿ ಎದ್ದು, ಲೋಳೆಯನ್ನು ಗಂಟಲಿನ ಕಡೆ ಸರಿಸುತ್ತಲೇ ಇರುತ್ತವೆ. ಆರೋಗ್ಯವಂತರು ಅದನ್ನು ಗೊತ್ತೇ ಆಗದಂತೆ ನುಂಗಿಬಿಡುತ್ತಾರೆ. ಎದೆಯ ಮನೆಯನ್ನು ಹಗಲೂ ರಾತ್ರಿ ಗುಡಿಸುವವರು ಈ ರೋಮಗಳೇ.

ಜೋಲುಬಿದ್ದ ಕೊಳವೆಯಲ್ಲಿ ಈ ಗದ್ದೆ ಹಾಳುಬಿದ್ದಿರುತ್ತದೆ. ಕಾಲುವೆಯ ಇಳಿಜಾರು ತಪ್ಪಿದರೆ ನೀರು ನಿಂತು ಪಾಚಿ ಕಟ್ಟುವ ಹಾಗೆ ಕಫ ಅಲ್ಲೇ ನಿಲ್ಲುತ್ತದೆ, ಗಟ್ಟಿಯಾಗುತ್ತದೆ. ರೋಗಾಣು ಮನೆ ಮಾಡುತ್ತದೆ. ಅದರಿಂದ ಕೊಳವೆ ಇನ್ನಷ್ಟು ಹಾಳಾಗುತ್ತದೆ, ಕಫ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ರೋಮಗಳು ಮಾಡಬೇಕಿದ್ದ ಕೆಲಸವನ್ನು ನಾವೇ ಉಸಿರಿನಿಂದ ಮಾಡಿಕೊಡಬೇಕು.

ಹಾಗಾದರೆ ಜೋರಾಗಿ ಕೆಮ್ಮಿದರೆ ಆಗದೇ? ಆಗುವುದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನನಗೇ ಬಹಳ ದಿನ ಹಿಡಿಯಿತು. ಗಟ್ಟಿಯಾದ ಜೇನಿನ ಸೀಸೆಯನ್ನು ಬಗ್ಗಿಸಿ ನೋಡಿ. ಎಷ್ಟು ಕೊಡವಿದರೂ ಬಾಯಿಗೆ ಕಚ್ಚಿಕೊಂಡೇ ಇರುತ್ತದೆ. ಒಂದು ಗುಳ್ಳೆ ಗಾಳಿ ಒಳಗೆ ಹೋದಮೇಲೆ ಜೇನು ತಾನಾಗಿ ಇಳಿಯುತ್ತದೆ. ಕಫಕ್ಕೂ ಅದೇ ನ್ಯಾಯ. ಅದರ ಹಿಂದೆ ಗಾಳಿ ಸೇರಿದ್ದರೆ ಮಾತ್ರ ಮುಂದಕ್ಕೆ ತಳ್ಳಲು ಆಧಾರ. ಉಸಿರು ಮುಗಿದ ಎದೆಯಿಂದ ಮೇಲಿಂದ ಮೇಲೆ ಕೆಮ್ಮಿದರೆ ಹಿಂದೆ ಗಾಳಿಯೇ ಇರುವುದಿಲ್ಲ. ಜೊತೆಗೆ ಕೆಮ್ಮುವಾಗ ಗಂಟಲು ಮುಚ್ಚಿ ಎದೆಯಲ್ಲಿ ಭಾರಿ ಒತ್ತಡ ಕಟ್ಟುತ್ತದೆ. ಮೊದಲೇ ಸಡಿಲವಾದ ಕೊಳವೆ ಆ ಒತ್ತಡಕ್ಕೆ ಹೊರಗಿನಿಂದ ಅಮುಕಿಕೊಂಡು ಮುಚ್ಚಿಹೋಗುತ್ತದೆ, ಕಫ ಒಳಗೇ ಉಳಿಯುತ್ತದೆ. ದೊಡ್ಡಮ್ಮ ಮುಕ್ಕಾಲು ಗಂಟೆ ಪಡುತ್ತಿದ್ದ ಪಾಡು ಇದೇ.

ಅವರಿಗೆ ದಾರಿ ತೋರಿಸಿದ್ದು ಒಬ್ಬಳು ಎಳೆಯ ಫಿಸಿಯೋಥೆರಪಿಸ್ಟ್. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ.

“ಅಜ್ಜಿ, ಕೆಮ್ಮಬೇಡಿ. ಬಾಯಿ ತೆಗೆದು ಹಾ ಅನ್ನಿ.”

“ಆ...” ಎಂದರು ದೊಡ್ಡಮ್ಮ. ನಮ್ಮ ಕಡೆ ಹಳ್ಳಿಯ ಮಾತಿನಲ್ಲಿ ಹಾಲು ‘ಆಲು’, ಹೂವು ‘ಊವು’. ಹಕಾರ ಅವರ ನಾಲಿಗೆಯ ಮೇಲೆ ಎಪ್ಪತ್ತು ವರ್ಷದಿಂದ ಸುಳಿದದ್ದೇ ಇಲ್ಲ. ಹಾಗಾಗಿ ಬಂದದ್ದು ಬರೀ ದನಿ. ಬೇಕಾಗಿದ್ದದ್ದು ಬರೀ ಗಾಳಿ.

ಹುಡುಗಿ ಒಂದು ಕ್ಷಣ ಯೋಚಿಸಿದಳು. “ಅಜ್ಜಿ, ಕನ್ನಡಕ ತೆಗೀರಿ. ಅದರ ಗಾಜು ಒರೆಸೋಕೆ ಮುಂಚೆ ಏನು ಮಾಡ್ತೀರಿ?”

ದೊಡ್ಡಮ್ಮ ಕನ್ನಡಕ ಬಾಯಿಯ ಹತ್ತಿರ ಹಿಡಿದು ಊದಿದರು. ಗಾಜಿನ ಮೇಲೆ ಮಂಜು ಕೂತಿತು. ಆ ಸದ್ದಿನಲ್ಲಿ ಹಕಾರ ಬಿಟ್ಟರೆ ಬೇರೇನೂ ಇರಲಿಲ್ಲ.

“ಅದೇ ಅಜ್ಜಿ! ಅದನ್ನೇ ಇನ್ನೂ ಉದ್ದ ಮಾಡಿ. ಹೊಟ್ಟೆಯಿಂದ ತಳ್ಳಿ. ಗಂಟಲು ಹಿಡೀಬೇಡಿ.”

ನಡುವೆ ಒಂದೊಂದು ನಿಮಿಷ ಸುಮ್ಮನೆ ಉಸಿರಾಡಿಸಿ, ಮೂರನೇ ಸಲ ಮಾಡಿಸಿದಾಗ ಎದೆಯ ಒಳಗಿಂದ ಗೊರಗೊರ ಸದ್ದು ಎದ್ದು ಮೇಲಕ್ಕೆ ಬಂತು. “ಈಗ ಕೆಮ್ಲಾ ಮಗ?” ಎಂದು ಕೇಳಿದರು ದೊಡ್ಡಮ್ಮ. “ಈಗ ಒಂದೇ ಒಂದು. ಸಣ್ಣದು.” ಆ ಒಂದು ಕೆಮ್ಮಿಗೆ ಬಂದ ಕಫ, ಬೆಳಗಿನ ಮುಕ್ಕಾಲು ಗಂಟೆಗೂ ಬರದಷ್ಟಿತ್ತು.

ಇಂಗ್ಲಿಷಿನಲ್ಲಿ ಈ ‘ಹಾ’ಗೆ ಹಫ್ ಎಂದು ಹೆಸರು. ನ್ಯೂಜಿಲೆಂಡಿನ ಇಬ್ಬರು, ಥಾಂಪ್ಸನ್ ಮತ್ತು ಥಾಂಪ್ಸನ್, ಅಸ್ತಮಾ ರೋಗಿಗಳಲ್ಲಿ ಇಂಥ ಹೊರದೂಡುವ ಉಸಿರಿನ ಬಗ್ಗೆ 1968ರಲ್ಲಿ ಬರೆದರು. ಅದನ್ನು ತಿದ್ದಿ ತೀಡಿದ್ದು ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ. ಅಲ್ಲಿನ ಜೆನಿಫರ್ ಪ್ರಯರ್, ಬಾರ್ಬರಾ ವೆಬರ್ ಮತ್ತು ಸಂಗಡಿಗರು 1979ರಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಮೇಲೆ ನೋಡಿ ಹೇಳಿದ್ದು: ಹಫ್ ಸೇರಿಸಿದರೆ ಕಡಿಮೆ ಹೊತ್ತಿನಲ್ಲಿ ಹೆಚ್ಚು ಕಫ ಬರುತ್ತದೆ, ಕಫ ಸಡಿಲಿಸಲು ಬೆನ್ನು ತಟ್ಟುವ ಇನ್ನೊಬ್ಬರ ಹಂಗೂ ಬೇಡ. ನನಗೆ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ. ದಿನಕ್ಕೆರಡು ಸಲ ಮಕ್ಕಳನ್ನು ಕರೆದು ಬೆನ್ನು ತಟ್ಟಿಸಿಕೊಳ್ಳುವ ಮುಜುಗರ ಎಷ್ಟು ಜನರನ್ನು ಸುಮ್ಮನಾಗಿಸಿದೆ ಎಂಬುದನ್ನು ಕಂಡಿದ್ದೇನೆ.

ಬ್ರಾಂಪ್ಟನ್ನಿನವರು ಕಟ್ಟಿದ ಕ್ರಮಕ್ಕೆ ಒಂದು ತಾಳವಿದೆ. ಮೊದಲು ಹೆಗಲು ಸಡಿಲ ಬಿಟ್ಟು, ಹೊಟ್ಟೆಯ ಮೇಲೆ ಅಂಗೈ ಇಟ್ಟು, ಏನೂ ಮಾಡದೆ ಮೆಲ್ಲಗೆ ಉಸಿರಾಡುವುದು. ಆಮೇಲೆ ಮೂರೋ ನಾಲ್ಕೋ ಆಳದ ಉಸಿರು, ಪಕ್ಕೆಲುಬು ಅಗಲವಾಗುವ ಹಾಗೆ. ಒಳಗೆ ತೆಗೆದುಕೊಂಡದ್ದನ್ನು ಮೂರು ಎಣಿಸುವಷ್ಟು ಹೊತ್ತು ನಿಲ್ಲಿಸಿ, ಬಲವಿಲ್ಲದೆ ಬಿಡುವುದು. ಈ ನಿಲ್ಲಿಸುವುದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಗುಟ್ಟಿದೆ. ಗಾಳಿಗೂಡುಗಳ ನಡುವಿನ ಗೋಡೆಯಲ್ಲಿ ಕೋನ್ ರಂಧ್ರಗಳೆಂಬ ಸಣ್ಣ ತೂತುಗಳಿವೆ. ಮುಂದಿನ ಬಾಗಿಲು ಕಫದಿಂದ ಮುಚ್ಚಿದ್ದರೂ ಪಕ್ಕದ ಮನೆಯಿಂದ ಹಿತ್ತಿಲಿಗೆ ದಾಟಿದ ಹಾಗೆ ಗಾಳಿ ಆ ತೂತುಗಳಿಂದ ನುಸುಳಿ ಕಫದ ಹಿಂದೆ ಹೋಗಿ ಸೇರುತ್ತದೆ. ಅದಕ್ಕೆ ಸ್ವಲ್ಪ ಸಮಯ ಬೇಕು. ಆ ಮೂರು ಎಣಿಕೆ ಅದಕ್ಕಾಗಿ. ಮತ್ತೆ ಮೆಲ್ಲನೆಯ ಉಸಿರು. ಆಮೇಲೆ ‘ಹಾ’, ಒಂದು, ಹೆಚ್ಚೆಂದರೆ ಎರಡು. ಮತ್ತೆ ಮೆಲ್ಲನೆಯ ಉಸಿರು. ಹೀಗೆ ಸುತ್ತು ಸುತ್ತಾಗಿ ಹತ್ತು ಹದಿನೈದು ನಿಮಿಷ.

‘ಹಾ’ದಲ್ಲೂ ಎರಡು ಬಗೆ, ಇದನ್ನು ಹಿಡಿಯದವರಿಗೆ ಅರ್ಧ ವಿದ್ಯೆ ಮಾತ್ರ ಸಿಕ್ಕಿದಂತೆ. ಕಫ ದೂರದ ಸಣ್ಣ ಕೊಳವೆಯಲ್ಲಿದ್ದರೆ ಉಸಿರನ್ನು ನಡುಮಟ್ಟಕ್ಕೆ ತೆಗೆದುಕೊಂಡು, ‘ಹಾ’ವನ್ನು ಕೊನೆಯವರೆಗೆ ಉದ್ದಕ್ಕೆ ಎಳೆಯಬೇಕು. ಕಫ ಹತ್ತಿರ ಬಂದಮೇಲೆ ಎದೆ ತುಂಬ ತೆಗೆದುಕೊಂಡು ಚುರುಕಾಗಿ, ಮೊಟಕಾಗಿ ಬಿಡಬೇಕು. ಕಾರಣ ಸ್ವಾರಸ್ಯದ್ದು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯನ್ನು ಹೆಬ್ಬೆರಳಿಂದ ಒತ್ತಿದರೆ ಆ ಇರುಕಿನಲ್ಲಿ ನೀರು ರಭಸವಾಗಿ ಚಿಮ್ಮುತ್ತದೆ. ಬಲವಾಗಿ ಉಸಿರು ಬಿಡುವಾಗಲೂ ಕೊಳವೆಯ ಒಂದು ಜಾಗದಿಂದಾಚೆಗೆ ಹೊರಗಿನ ಒತ್ತಡ ಒಳಗಿನದನ್ನು ಮೀರಿ ಅದನ್ನು ಇರುಕು ಮಾಡುತ್ತದೆ. ಅಲ್ಲಿ ಗಾಳಿಗೆ ರಭಸ ಬಂದು ಕಫವನ್ನು ಕಿತ್ತು ಒಯ್ಯುತ್ತದೆ. ಎದೆ ತುಂಬಿದ್ದಾಗ ಆ ಇರುಕು ದೊಡ್ಡ ಕೊಳವೆಯಲ್ಲಿ. ಎದೆ ಖಾಲಿಯಾಗುತ್ತ ಬಂದಂತೆ ಅದು ಒಳಒಳಗಿನ ಸಣ್ಣ ಕೊಳವೆಗಳ ಕಡೆ ಸರಿಯುತ್ತ ಹೋಗುತ್ತದೆ. ಅಂದರೆ ಆ ಹೆಬ್ಬೆರಳನ್ನು ಎಲ್ಲಿಡಬೇಕೆಂಬುದು ನಮ್ಮ ಕೈಯಲ್ಲಿದೆ, ಎಷ್ಟು ಉಸಿರು ತೆಗೆದುಕೊಂಡೆವೆಂಬುದರ ಮೇಲೆ.

ಕಫ ಎಲ್ಲಿದೆಯೆಂದು ಹೇಳುವುದು ಕಿವಿ. ಈ ಕಿವಿಯನ್ನೇ ವಿದ್ಯೆ ಮಾಡಿದವರು ಬೆಲ್ಜಿಯಂನ ಜಾನ್ ಶವಾಯೇ. ಅಸ್ತಮಾ ಇರುವ ಮಕ್ಕಳು ಮಲಗಿದಾಗ, ಆಡುವಾಗ, ನಗುವಾಗ ಕಫ ಹೇಗೆ ಸರಿಯುತ್ತದೆಂದು ಗಮನಿಸಿ 1967ರಲ್ಲಿ ಅವರು ಆಟೋಜೆನಿಕ್ ಡ್ರೈನೇಜ್ ಎಂಬ ಪದ್ಧತಿ ಶುರುಮಾಡಿದರು. ಮೊದಲು ಎದೆ ಹೆಚ್ಚುಕಡಿಮೆ ಖಾಲಿಯಿರುವ ಮಟ್ಟದಲ್ಲಿ ಸಣ್ಣ ಸಣ್ಣ ಉಸಿರಾಡಿ ಅಂಟಿದ್ದನ್ನು ಬಿಡಿಸುವುದು, ನಡುಮಟ್ಟದಲ್ಲಿ ಕೂಡಿಸುವುದು, ಮೇಲುಮಟ್ಟದಲ್ಲಿ ಹೊರಹಾಕುವುದು. ಇಲ್ಲಿ ಕೆಮ್ಮು ಬಂದರೂ ತಡೆಯಬೇಕು. ಕಲಿಯಲು ಬಹಳ ಸಮಯ ಬೇಕು. ಅಂಗೈಯನ್ನು ಎದೆಯ ಮೇಲಿಟ್ಟು ಒಳಗಿನ ಕಂಪನ ಹಿಡಿಯಬೇಕು. ಸಣ್ಣಗೆ ಚಿಟಚಿಟ ಎಂದು ಉಸಿರಿನ ಕೊನೆಯಲ್ಲಿ ಕೇಳಿದರೆ ಕಫ ಇನ್ನೂ ದೂರ. ಗೊರಗೊರ ಎಂದು ದಪ್ಪಗೆ, ಬಿಡುವಾಗ ಮೊದಲೇ ಕೇಳಿದರೆ ಹತ್ತಿರ. ಹಾಡುಗಾರರು ಶ್ರುತಿ ಹಿಡಿದ ಹಾಗೆ ಇದು. ರೂಢಿಯಾದವರು ತಮ್ಮ ಎದೆಯನ್ನು ಕೇಳಿಕೊಳ್ಳುವ ಏಕಾಗ್ರತೆಯನ್ನು ನಾನು ಗೌರವದಿಂದ ನೋಡಿದ್ದೇನೆ.

ಕಪಾಲಭಾತಿ ಮಾಡಿದರೆ ಸಾಲದೇ ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಹಠಯೋಗ ಪ್ರದೀಪಿಕೆ ಅದನ್ನು ಆರು ಶುದ್ಧಿಕ್ರಿಯೆಗಳಲ್ಲಿ ಸೇರಿಸಿ, ಕಮ್ಮಾರನ ತಿದಿಗೆ ಹೋಲಿಸಿ, ಕಫದೋಷಕ್ಕೆ ಮದ್ದೆಂದು ಹೇಳಿದೆ ನಿಜ. ಆರೋಗ್ಯವಂತರು ಗುರುಮುಖೇನ ಕಲಿತು ಮಾಡಲಿ, ನಾನೂ ಮಾಡುತ್ತೇನೆ. ಆದರೆ ಅದು ಮೂಗಿನಿಂದ ಬಿಡುವ, ಮೊಟಕಾದ, ಒಂದರ ಬೆನ್ನಿಗೊಂದು ಬರುವ ಉಸಿರು. ಕಫದ ಹಿಂದೆ ಗಾಳಿ ಹೋಗಿ ಸೇರಲು ಬೇಕಾದ ಬಿಡುವು ಅದರಲ್ಲಿಲ್ಲ. ಸಡಿಲ ಕೊಳವೆಯವರು, ರಕ್ತದೊತ್ತಡ, ಹೃದ್ರೋಗ, ಹರ್ನಿಯಾ ಇರುವವರು ಟಿವಿ ನೋಡಿಕೊಂಡು ಅದಕ್ಕೆ ಕೈಹಾಕುವುದು ನನಗೆ ಒಪ್ಪಿಗೆಯಿಲ್ಲ. ‘ಹಾ’ಕ್ಕೆ ಅದರದೇ ಕೆಲಸ, ಕಪಾಲಭಾತಿಗೆ ಅದರದೇ.

ಕಫ ಕಟ್ಟಿದವರು ಮಕ್ಕಳಾದರೆ ಬಾಟಲಿಯ ಆಟವಿದೆ. ಬಾಟಲಿಯಲ್ಲಿ ನೀರು ತುಂಬಿ, ನಳಿಕೆಯ ತುದಿ ಹತ್ತು ಸೆಂಟಿಮೀಟರ್ ಮುಳುಗುವಂತೆ ಇಳಿಬಿಟ್ಟು ಗುಳುಗುಳು ಊದಿಸುವುದು. ಅಷ್ಟು ನೀರಿನ ಎದುರೊತ್ತಡಕ್ಕೆ ಕೊಳವೆಗಳು ತೆರೆದುಕೊಂಡಿರುತ್ತವೆ. ನಳಿಕೆ ಅಗಲವಾಗಿರಬೇಕು, ಜ್ಯೂಸ್ ಕುಡಿಯುವ ಸಪೂರ ಕೊಳವೆ ಬೇಡ. ನೀರು ದಿನಾ ಹೊಸದು.

ಹೊಟ್ಟೆ ತುಂಬಿದಾಗ ಇವು ಯಾವುದೂ ಬೇಡ, ಊಟಕ್ಕೆ ಮುಂಚೆ ಒಳ್ಳೆಯದು. ಇನ್‌ಹೇಲರ್ ಬರೆದುಕೊಟ್ಟಿದ್ದರೆ ಕೊಳವೆ ಹಿಗ್ಗಿಸುವುದನ್ನು ಮೊದಲು ತೆಗೆದುಕೊಳ್ಳಿ. ಎಡ ಎದೆಯಲ್ಲಿ ಕಫವಿದ್ದರೆ ಬಲ ಮಗ್ಗುಲಿಗೆ ಮಲಗಿ ಮಾಡಿದರೆ ಭೂಮಿಯ ಸೆಳೆತವೂ ಜೊತೆಗೂಡುತ್ತದೆ. ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರಿಗೇ ಕಲಿಯಿರಿ. ಕಫದಲ್ಲಿ ರಕ್ತ ಕಂಡರೆ, ಎದೆ ನೋವು, ಜ್ವರ, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಎರಡು ವಾರ ದಾಟಿದ ಕೆಮ್ಮಿಗೆ ಉಸಿರಾಟದ ಕಸರತ್ತಿಗಿಂತ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಆಗಬೇಕು, ಅದಕ್ಕೆ ದುಡ್ಡು ಕೇಳುವುದಿಲ್ಲ. ಕಫವನ್ನು ಮುಚ್ಚಳವಿರುವ ಡಬ್ಬಿಯಲ್ಲೇ ಉಗುಳಿ.

ದೊಡ್ಡಮ್ಮನ ಬೆಳಗು ಈಗ ಇಪ್ಪತ್ತು ನಿಮಿಷದ್ದು. ಜಗುಲಿಯ ಮೇಲೆ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟು, ಬೆರಳಲ್ಲಿ ಮೂರು ಎಣಿಸುತ್ತಾರೆ. ಮೊನ್ನೆ ಭಾನುವಾರ ಆರು ಗಂಟೆಗೆ ಫೋನ್ ಮಾಡಿದೆ. “ತಡಿ ಮಗ, ಇನ್ನೊಂದು ಸುತ್ತು ಐತೆ” ಎಂದು ಫೋನನ್ನು ಪಕ್ಕಕ್ಕಿಟ್ಟರು. ನಾನು ಲೈನಿನಲ್ಲೇ ಇದ್ದೆ. ಮೊದಲ ‘ಹಾ’ದ ಕೊನೆಯಲ್ಲಿ ಸಣ್ಣ ಚಿಟಚಿಟ. ಆಮೇಲೆ ಬಹಳ ಹೊತ್ತು ಬರೀ ಉಸಿರು, ಅಂಗಳದಲ್ಲಿ ಯಾರೋ ನೀರು ಚೆಲ್ಲಿದ ಸದ್ದು. ಎರಡನೆಯದಕ್ಕೆ ಸದ್ದು ದಪ್ಪಗಾಗಿತ್ತು. ಮೂರನೆಯದು ಎದೆ ತುಂಬ ತೆಗೆದುಕೊಂಡ, ಚುರುಕಾದ ‘ಹಾ’. ಅದರ ಹಿಂದೆಯೇ ಒಂದು ಕೆಮ್ಮು, ಸಣ್ಣದು. ಡಬ್ಬಿಯ ಮುಚ್ಚಳ ಹಾಕಿದ ಸದ್ದೂ ಕೇಳಿತು.

“ಊಂ, ಈಗ ಏಳು” ಎಂದರು.