ಗೋಡೆ ಕಟ್ಟಿದವರು ಯಾರು?

1802ರ ಜನವರಿ 1ರಂದು ವಾಷಿಂಗ್ಟನ್ನಿನ ಅಧ್ಯಕ್ಷರ ಭವನದ ಬಾಗಿಲಿಗೆ ಒಂದು ಚೀಸ್ ಬಂತು. ಗಾಡಿಚಕ್ರದಂತೆ ದುಂಡಗೆ, ನಾಲ್ಕು ಅಡಿಗೂ ಮೀರಿದ ಅಗಲ, 1,235 ಪೌಂಡು ತೂಕ. ನಮ್ಮ ಲೆಕ್ಕದಲ್ಲಿ ಐದೂವರೆ ಕ್ವಿಂಟಲ್ ದಾಟುತ್ತದೆ. ಮ್ಯಾಸಚೂಸೆಟ್ಸಿನ ಚೆಷೈರ್ ಎಂಬ ಊರಿನ ರೈತರು ಊರ ಹಸುಗಳ ಹಾಲನ್ನೆಲ್ಲ ಒಟ್ಟುಗೂಡಿಸಿ, ಸೇಬು ಹಿಂಡುವ ದೊಡ್ಡ ಒತ್ತುಯಂತ್ರದಲ್ಲಿ ಒತ್ತಿ ಮಾಡಿದ್ದು. ಇದರಲ್ಲಿ ಒಬ್ಬನೇ ಒಬ್ಬ ಗುಲಾಮನ ದುಡಿಮೆಯೂ ಇಲ್ಲ ಎಂದು ಜೊತೆಗಿಟ್ಟ ಬಿನ್ನವತ್ತಳೆಯಲ್ಲಿ ಬರೆದಿದ್ದರು. ಅದನ್ನು ಓದಬೇಕಾಗಿದ್ದ ಅಧ್ಯಕ್ಷ ಥಾಮಸ್ ಜೆಫರ್ಸನ್ ಸ್ವತಃ ಗುಲಾಮರ ಒಡೆಯ. ವಾರಗಟ್ಟಲೆ ದಾರಿ ಸವೆಸಿ ಅದನ್ನು ತಲುಪಿಸಿದವರು ಜಾನ್ ಲೆಲ್ಯಾಂಡ್ ಎಂಬ ಬ್ಯಾಪ್ಟಿಸ್ಟ್ ಬೋಧಕರು.

ಅದೇ ದಿನ ಜೆಫರ್ಸನ್ ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಒಂದು ಪತ್ರ ಬರೆದರು. ಚರ್ಚಿಗೂ ರಾಜ್ಯಕ್ಕೂ ನಡುವೆ ಗೋಡೆಯಿದೆ ಎಂಬ ಮಾತು ಬಂದದ್ದು ಆ ಪತ್ರದಿಂದ. ಎರಡು ದಿನ ಕಳೆದು ಭಾನುವಾರ, ಅದೇ ಲೆಲ್ಯಾಂಡ್ ಪ್ರತಿನಿಧಿ ಸಭೆಯ ಸಭಾಂಗಣದಲ್ಲಿ ನಿಂತು ಉಪದೇಶ ಮಾಡಿದರು. ಜೆಫರ್ಸನ್ ಹೋಗಿ ಕೂತು ಕೇಳಿದರು.

ನಾನು ದೇವರನ್ನು ನಂಬುವವನಲ್ಲ. ರಾಜ್ಯಕ್ಕೆ ಮತವಿರಬಾರದು, ಯಾವ ಶಾಸ್ತ್ರಗ್ರಂಥವೂ ಕಾನೂನಿನ ಆಧಾರವಾಗಬಾರದು ಎಂಬ ನಂಬಿಕೆಯಲ್ಲೇ ಬೆಳೆದವನು. ಅಮೆರಿಕದ ಸೆಕ್ಯುಲರ್ ಉದಾರವಾದಿ ಚಿಂತನೆ ನನಗೆ ಹತ್ತಿರದ ನೆಂಟನ ಹಾಗೆ. ಅದಕ್ಕೇ ಹೇಳುತ್ತೇನೆ: ನಮ್ಮ ಈ ಪರಂಪರೆ ಆ ಪತ್ರವನ್ನು ನೆನಪಿಟ್ಟುಕೊಂಡಿತು, ಚೀಸನ್ನು ಮರೆತುಬಿಟ್ಟಿತು. ಪತ್ರವನ್ನು ಯಾರಿಗೆ ಬರೆದದ್ದು, ಅವರು ಏನು ಕೇಳಿದ್ದರು ಎಂಬುದನ್ನು ಮರೆಯಿತು. ಆ ಮರೆವಿಗೆ ದೊಡ್ಡ ಬೆಲೆ ತೆರಬೇಕಾಯಿತು.

ಡ್ಯಾನ್‌ಬರಿಯ ಜನರ ಕಷ್ಟ ಸರಳವಾಗಿತ್ತು. ಕನೆಕ್ಟಿಕಟ್‌ನಲ್ಲಿ ಆಗ ಕಾಂಗ್ರಿಗೇಶನಲ್ ಚರ್ಚೇ ಸರ್ಕಾರಿ ಚರ್ಚು. ಅದರ ಪಾದ್ರಿಯ ಸಂಬಳಕ್ಕೆ ಊರವರೆಲ್ಲ ತೆರಿಗೆ ಕೊಡಬೇಕು. ಬ್ಯಾಪ್ಟಿಸ್ಟರಿಗೆ ವಿನಾಯಿತಿ ಬೇಕೆಂದರೆ ತಾವು ಬ್ಯಾಪ್ಟಿಸ್ಟರೆಂದು ಪ್ರಮಾಣಪತ್ರ ತಂದು ತೋರಿಸಬೇಕು. ನಂಬಿಕೆಗೆ ಸರ್ಕಾರದಿಂದ ರಸೀದಿ ಪಡೆಯುವುದು ಅವರಿಗೆ ಅವಮಾನವೆನಿಸಿತು. ವರ್ಜೀನಿಯಾದಲ್ಲಿ ಅದಕ್ಕೂ ಮೊದಲು ಪರವಾನಗಿ ಇಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟರನ್ನು ಜೈಲಿಗೆ ಹಾಕಿದ್ದರು. ಮುಂದೆ ಅಧ್ಯಕ್ಷರಾಗಲಿದ್ದ ತರುಣ ಜೇಮ್ಸ್ ಮ್ಯಾಡಿಸನ್ ಅದನ್ನು ಕಂಡು ಕುದಿದುಹೋಗಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಪ್ಯೂರಿಟನ್ನರು ಹೊರಹಾಕಿದ ರೋಜರ್ ವಿಲಿಯಮ್ಸ್ 1636ರಲ್ಲಿ ಪ್ರಾವಿಡೆನ್ಸ್ ಊರನ್ನು ಕಟ್ಟಿದರು. ಚರ್ಚೆಂಬ ತೋಟಕ್ಕೂ ಲೋಕವೆಂಬ ಕಾಡಿಗೂ ನಡುವೆ ಬೇಲಿ ಬೇಕೆಂದು 1644ರಲ್ಲೇ ಬರೆದವರು ಅವರು. ಆ ಬೇಲಿ ತೋಟವನ್ನು ಕಾಯಲೆಂದು ಹಾಕಿದ್ದು. ರಾಜನ ಕೈ ತಾಗಿದರೆ ಭಕ್ತಿ ಹಾಳಾಗುತ್ತದೆ ಎಂಬುದು ಅವರ ಭಯ.

ಹೀಗೆ ಗೋಡೆಯನ್ನು ಎರಡು ಬಗೆಯ ಜನ ಎರಡು ಕಡೆಯಿಂದ ಕಟ್ಟಿದರು. ಚರ್ಚಿನಿಂದ ಸರ್ಕಾರವನ್ನು ಕಾಪಾಡಲು ಜೆಫರ್ಸನ್, ಸರ್ಕಾರದಿಂದ ಚರ್ಚನ್ನು ಕಾಪಾಡಲು ಲೆಲ್ಯಾಂಡ್. ಸಂವಿಧಾನಕ್ಕೆ 1791ರಲ್ಲಿ ಬಂದ ಮೊದಲ ತಿದ್ದುಪಡಿಯ ಮೊದಲ ಹದಿನಾರು ಪದಗಳಲ್ಲಿ ಇಬ್ಬರ ಬೇಡಿಕೆಯೂ ಇದೆ: ಮತವೊಂದನ್ನು ಸರ್ಕಾರ ಸ್ಥಾಪಿಸಕೂಡದು, ಮತಾಚರಣೆಯನ್ನು ತಡೆಯಲೂ ಕೂಡದು. ಅದು ಕೇಂದ್ರ ಸರ್ಕಾರವನ್ನಷ್ಟೇ ಕಟ್ಟಿಹಾಕಿತ್ತು. ಮ್ಯಾಸಚೂಸೆಟ್ಸಿನಲ್ಲಿ ಚರ್ಚಿನ ತೆರಿಗೆ ಹೋಗಲು 1833ರವರೆಗೆ ಕಾಯಬೇಕಾಯಿತು.

ಗೋಡೆಯ ಚರಿತ್ರೆಯಲ್ಲಿ ಒಂದು ಕಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಹತ್ತೊಂಬತ್ತನೆಯ ಶತಮಾನದ ಸಾರ್ವಜನಿಕ ಶಾಲೆಗಳಲ್ಲಿ ಪ್ರಾಟೆಸ್ಟೆಂಟರ ಬೈಬಲ್ ಓದಿಸುತ್ತಿದ್ದರು. ಅದಕ್ಕೆ 'ಮತಾತೀತ' ಎಂದು ಹೆಸರು. ನಮ್ಮ ಮಕ್ಕಳಿಗೆ ನಮ್ಮ ಬೈಬಲ್ ಓದಿಸಿ ಎಂದು ಕ್ಯಾಥೊಲಿಕರು ಕೇಳಿದ್ದೇ 1844ರಲ್ಲಿ ಫಿಲಡೆಲ್ಫಿಯಾದಲ್ಲಿ ದಂಗೆಗೆ ಹಾದಿಯಾಯಿತು. ಚರ್ಚುಗಳು ಸುಟ್ಟವು, ಜನ ಸತ್ತರು. ಗೋಡೆಯ ಮಾತನ್ನು ಆಧುನಿಕ ನ್ಯಾಯಶಾಸ್ತ್ರಕ್ಕೆ ತಂದ 1947ರ ಸುಪ್ರೀಂ ಕೋರ್ಟಿನ ಎವರ್ಸನ್ ತೀರ್ಪನ್ನು ಬರೆದ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಹಿಂದೊಮ್ಮೆ ಕ್ಯಾಥೊಲಿಕರನ್ನು ದ್ವೇಷಿಸುವ ಕೂ ಕ್ಲಕ್ಸ್ ಕ್ಲಾನ್ ಸೇರಿದ್ದವರು. ಅದರಿಂದ ತೀರ್ಪು ಕೆಟ್ಟದಾಗುವುದಿಲ್ಲ. ಆದರೆ 'ಗೋಡೆ' ಎಂದವರೆಲ್ಲ ಸ್ವಾತಂತ್ರ್ಯವನ್ನೇ ಬಯಸಿದ್ದರೆಂದು ನಾವು ತಿಳಿಯಬೇಕಿಲ್ಲ.

ಆಮೇಲಿನ ಹದಿನೈದು ಇಪ್ಪತ್ತು ವರ್ಷ ಈ ಪರಂಪರೆಯ ಒಳ್ಳೆಯ ಕಾಲ. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ ಶಾಲಾ ಮಕ್ಕಳಿಗೆಂದು ತಾನೇ ಒಂದು ಪ್ರಾರ್ಥನೆ ಬರೆದಿತ್ತು. ಇಪ್ಪತ್ತೆರಡೇ ಪದ. ಯಾರ ಮನಸ್ಸಿಗೂ ನೋವಾಗದಂತೆ ತೂಗಿ ಬರೆದದ್ದು, ಯೇಸುವಿನ ಹೆಸರೂ ಇಲ್ಲ. ಲಾಂಗ್ ಐಲೆಂಡಿನ ಕೆಲವು ತಂದೆತಾಯಂದಿರು ಕೋರ್ಟಿಗೆ ಹೋದರು; ಅವರಲ್ಲಿ ಯೆಹೂದಿಗಳಿದ್ದರು, ಯಾವ ಮತಕ್ಕೂ ಸೇರದವರಿದ್ದರು. ಬೆದರಿಕೆ ಕರೆಗಳು ಬಂದವು. 1962ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು: ಪ್ರಾರ್ಥನೆ ಬರೆಯುವುದು ಸರ್ಕಾರದ ಕೆಲಸವೇ ಅಲ್ಲ. ಮರುವರ್ಷ ಶಾಲೆಯಲ್ಲಿ ವಿಧಿಯಂತೆ ಬೈಬಲ್ ಓದಿಸುವುದೂ ನಿಂತಿತು. ದೇವರನ್ನೇ ಶಾಲೆಯಿಂದ ಹೊರಗಟ್ಟಿದರು ಎಂದು ಅಂದಿನಿಂದ ಇಂದಿನವರೆಗೆ ಕೂಗು ಕೇಳುತ್ತಿದೆ. ಅದು ನಿಜವಲ್ಲ. ಬೈಬಲನ್ನು ಸಾಹಿತ್ಯವಾಗಿ, ಚರಿತ್ರೆಯಾಗಿ ಕಲಿಸಬಹುದು ಎಂದು ಅದೇ ತೀರ್ಪು ಸ್ಪಷ್ಟವಾಗಿ ಹೇಳಿದೆ. ಪರೀಕ್ಷೆಗೆ ಮುಂಚೆ ಕಣ್ಣುಮುಚ್ಚಿ ತನ್ನ ದೇವರನ್ನು ನೆನೆಯುವ ಹುಡುಗಿಯನ್ನು ಯಾವ ಕೋರ್ಟೂ ತಡೆಯಲಿಲ್ಲ. ಈ ತೀರ್ಪುಗಳನ್ನು ನಾನು ಇಡಿಯಾಗಿ ಒಪ್ಪುತ್ತೇನೆ.

ಎಡವಿದ್ದು ಬೇರೆ ಕಡೆ. ರಾಜ್ಯಕ್ಕೆ ಹಾಕಿದ ಕಟ್ಟನ್ನು ಪ್ರಜೆಯ ನಾಲಿಗೆಗೂ ಹಾಕಲು ಹೊರಟಾಗ. 1960ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನ ಪಾದ್ರಿಗಳ ಮುಂದೆ ಜಾನ್ ಎಫ್. ಕೆನಡಿ, ತನ್ನ ಕ್ಯಾಥೊಲಿಕ್ ನಂಬಿಕೆ ತನ್ನ ಖಾಸಗಿ ವಿಷಯ ಎಂದು ಹೇಳಬೇಕಾಯಿತು. ಪೋಪರ ಆಜ್ಞೆಯಂತೆ ದೇಶ ಆಳುತ್ತಾನೆ ಎಂಬ ಅನುಮಾನದ ಮುಂದೆ ಅವರಿಗೆ ಬೇರೆ ದಾರಿಯಿರಲಿಲ್ಲ. ಆದರೆ ಇಕ್ಕಟ್ಟಿನಲ್ಲಿ ಒಬ್ಬ ಅಭ್ಯರ್ಥಿ ಆಡಿದ ಮಾತನ್ನು ನಾವು ಎಲ್ಲರಿಗೂ ಸಲ್ಲುವ ಶಿಷ್ಟಾಚಾರ ಮಾಡಿಕೊಂಡೆವು. ನಂಬಿಕೆ ಮನೆಯೊಳಗೆ ಇರಲಿ, ಬೀದಿಗೆ ಬರುವುದು ಬೇಡ.

ಈ ಶಿಷ್ಟಾಚಾರಕ್ಕೆ ತತ್ವಶಾಸ್ತ್ರದ ಬಲ ಕೊಟ್ಟವರು ಜಾನ್ ರಾಲ್ಸ್. ಪ್ರಿನ್ಸ್‌ಟನ್ನಿನಲ್ಲಿ ಓದುವಾಗ ಪಾಪ ಮತ್ತು ವಿಶ್ವಾಸದ ಮೇಲೆ ಪ್ರಬಂಧ ಬರೆದು, ಪಾದ್ರಿಯಾಗಲು ಯೋಚಿಸಿದ್ದ ಹುಡುಗ ಅವರು. ಪೆಸಿಫಿಕ್ ಯುದ್ಧರಂಗದಿಂದ ಮರಳುವಾಗ ಆ ನಂಬಿಕೆ ಉಳಿದಿರಲಿಲ್ಲ. 1993ರಲ್ಲಿ ಬಂದ 'ಪೊಲಿಟಿಕಲ್ ಲಿಬರಲಿಸಂ' ಗ್ರಂಥದಲ್ಲಿ ಅವರು ಹೇಳಿದ್ದರ ಸಾರ ಇದು: ರಾಜ್ಯಬಲ ಎಲ್ಲರ ಮೇಲೂ ನಡೆಯುತ್ತದೆ, ಆದ್ದರಿಂದ ಮೂಲಭೂತ ವಿಷಯಗಳಲ್ಲಿ ಎಲ್ಲರೂ ಒಪ್ಪಬಹುದಾದ ಕಾರಣಗಳನ್ನೇ ಮುಂದಿಡಬೇಕು. ಇದರ ಹಿಂದೆ ದೊಡ್ಡ ಗೌರವವಿದೆ. ನನ್ನನ್ನು ಆಳುವ ಕಾನೂನಿಗೆ ನನಗೆ ಅರ್ಥವಾಗುವ ಕಾರಣ ಕೊಡು ಎಂದು ಕೇಳುವುದು ಪ್ರಜೆಯ ಹಕ್ಕು. ಆದರೆ ರಾಲ್ಸರನ್ನು ಅರ್ಧ ಓದಿದವರ ಕೈಯಲ್ಲಿ ಇದು, ದೇವರ ಹೆಸರೆತ್ತಿದರೆ ಮಾತು ಮುಗಿಯಿತು ಎಂಬಲ್ಲಿಗೆ ಬಂತು. 1994ರಲ್ಲಿ ತತ್ವಜ್ಞಾನಿ ರಿಚರ್ಡ್ ರಾರ್ಟಿ ಧರ್ಮ ಸಂವಾದವನ್ನೇ ನಿಲ್ಲಿಸುತ್ತದೆ ಎಂದು ಬರೆದರು. ಒಂಬತ್ತು ವರ್ಷದ ಮೇಲೆ ಅದೇ ಮಾತನ್ನು ಸಡಿಲಿಸಿ, ತಿದ್ದಿ ಇನ್ನೊಂದು ಲೇಖನ ಬರೆದರು. ರಾಲ್ಸ್ ಕೂಡ 1997ರ ಹೊತ್ತಿಗೆ, ಧಾರ್ಮಿಕ ಕಾರಣ ಮೊದಲು ಬರಲಿ, ಸಾರ್ವಜನಿಕ ಕಾರಣ ತಕ್ಕ ಕಾಲಕ್ಕೆ ಬಂದರೆ ಸಾಕು ಎಂದು ಬಾಗಿಲು ತೆರೆದಿದ್ದರು. ಗುರುಗಳು ತಿದ್ದಿಕೊಂಡರು, ಶಿಷ್ಯರು ಹಳೆಯ ಪಾಠವನ್ನೇ ಒಪ್ಪಿಸುತ್ತಾ ಹೋದರು.

ಆ ಪಾಠವನ್ನು 1955ರ ಡಿಸೆಂಬರ್ 5ರ ರಾತ್ರಿ ಮಾಂಟ್‌ಗಮರಿಯ ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನ ಮುಂದೆ ಇಟ್ಟು ನೋಡಿ. ರೋಸಾ ಪಾರ್ಕ್ಸ್ ಬಂಧನವಾಗಿ ನಾಲ್ಕು ದಿನ. ಅಂದು ಬೆಳಗ್ಗೆಯಿಂದ ಕಪ್ಪು ಜನ ಬಸ್ ಹತ್ತಿಲ್ಲ. ಚರ್ಚಿನೊಳಗೆ ಕಾಲಿಡಲು ಜಾಗವಿಲ್ಲ, ಸಾವಿರಾರು ಜನ ಹೊರಗೆ ಧ್ವನಿವರ್ಧಕಕ್ಕೆ ಕಿವಿಗೊಟ್ಟು ನಿಂತಿದ್ದಾರೆ. ಇಪ್ಪತ್ತಾರು ವರ್ಷದ ಮಾರ್ಟಿನ್ ಲೂಥರ್ ಕಿಂಗ್ ಎದ್ದು ನಿಂತು ಸಂವಿಧಾನವನ್ನೂ ಯೇಸುವನ್ನೂ ಒಂದೇ ಉಸಿರಿನಲ್ಲಿ ಸಾಕ್ಷಿಗೆ ಕರೆಯುತ್ತಾರೆ. ಬಹಿಷ್ಕಾರ ಮುಂದುವರಿಸಬೇಕೆಂದು ತೀರ್ಮಾನವಾಗುತ್ತದೆ. ಅದು ಒಂದು ವರ್ಷಕ್ಕೂ ಮೀರಿ ನಡೆಯುತ್ತದೆ. ಆ ಸಭೆಯಿಂದ ಪ್ರಾರ್ಥನೆಯನ್ನು ತೆಗೆದರೆ ಏನು ಉಳಿಯುತ್ತಿತ್ತು? ಬೇರೆಲ್ಲೂ ಸೇರಲು ಸ್ಥಳವಿಲ್ಲದ ಜನರಿಗೆ ಚರ್ಚೇ ಸಭಾಭವನ, ಚರ್ಚೇ ಖಜಾನೆ, ಕಾರು ಹಂಚಿಕೆಯ ಲೆಕ್ಕ ಇಡುವ ಜಾಗ. ಅದಕ್ಕೇ ಅವರ ಶತ್ರುಗಳು ಬಾಂಬಿಟ್ಟದ್ದೂ ಚರ್ಚಿಗೇ. 1963ರ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮಿನಲ್ಲಿ ನಾಲ್ವರು ಹುಡುಗಿಯರು ಸತ್ತದ್ದು ಭಾನುವಾರದ ಬೆಳಗ್ಗೆ, ಚರ್ಚಿನ ನೆಲಮಾಳಿಗೆಯಲ್ಲಿ.

ಕಿಂಗ್‌ರನ್ನು ನಾವು ಸಂತೋಷದಿಂದ ನಮ್ಮವರೆನ್ನುತ್ತೇವೆ, ಆದರೆ ಅವರನ್ನು ಪಾದ್ರಿಯಾಗಿ ನೋಡಲು ಹಿಂಜರಿಯುತ್ತೇವೆ. ಬಲಪಂಥೀಯ ಪಾದ್ರಿ ಜೆರಿ ಫಾಲ್ವೆಲ್ ಬಾಯಿ ತೆರೆದಾಗ ಮಾತ್ರ ನಮಗೆ ಗೋಡೆ ನೆನಪಾಗುತ್ತದೆ. ಇದನ್ನು ನಾನು ಪ್ರಾಮಾಣಿಕ ನಿಲುವೆಂದು ಒಪ್ಪಲಾರೆ. ಫಾಲ್ವೆಲ್ 1965ರಲ್ಲಿ, ಪಾದ್ರಿಗಳ ಕೆಲಸ ಆತ್ಮಗಳನ್ನು ಗೆಲ್ಲುವುದು, ಮೆರವಣಿಗೆ ಹೊರಡುವುದಲ್ಲ ಎಂದು ಉಪದೇಶಿಸಿದ್ದರು. ಗುರಿ ಕಿಂಗ್ ಕಡೆಗೇ. 1979ರಲ್ಲಿ ಅವರೇ 'ಮಾರಲ್ ಮೆಜಾರಿಟಿ' ಕಟ್ಟಿ ರಾಜಕೀಯಕ್ಕಿಳಿದರು. ಧರ್ಮವನ್ನು ಖಾಸಗಿಯಾಗಿ ಇಡಬೇಕೆಂಬ ವಾದ ಯಾರ ಕೈಗೆ ಸಿಕ್ಕರೂ ಹೀಗೇ ತಿರುಗುತ್ತದೆ: ಎದುರಾಳಿಯ ಧರ್ಮ ಮಾತ್ರ ಖಾಸಗಿ.

ಧಾರ್ಮಿಕ ಬಲಪಂಥ ಹುಟ್ಟಿದ್ದು ಗರ್ಭಪಾತದ ನೋವಿನಿಂದ ಎಂಬುದು ಅವರು ಹೇಳಿಕೊಳ್ಳುವ ಕಥೆ. ದಾಖಲೆ ಬೇರೆಯೇ ಹೇಳುತ್ತದೆ. ಸದರ್ನ್ ಬ್ಯಾಪ್ಟಿಸ್ಟರು 1971ರಲ್ಲಿ, ಅತ್ಯಾಚಾರ, ಭ್ರೂಣದ ತೀವ್ರ ವೈಕಲ್ಯ, ತಾಯಿಯ ದೇಹ ಮನಸ್ಸುಗಳ ಆರೋಗ್ಯಕ್ಕೆ ಅಪಾಯ ಇಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬರಲಿ ಎಂದು ನಿರ್ಣಯ ಮಾಡಿದ್ದರು. ಆ ದಶಕದಲ್ಲಿ ಇವ್ಯಾಂಜೆಲಿಕಲ್ ನಾಯಕರನ್ನು ಕೆರಳಿಸಿದ್ದು, ಕಪ್ಪು ಜನರನ್ನು ದೂರವಿಡುವ ಖಾಸಗಿ ಕ್ರೈಸ್ತ ಶಾಲೆಗಳ ತೆರಿಗೆ ವಿನಾಯಿತಿಗೆ ಬಂದ ಕುತ್ತು ಎಂದು ಇತಿಹಾಸಕಾರ ರ‍್ಯಾಂಡಲ್ ಬಾಲ್ಮರ್ ವಾದಿಸಿದ್ದಾರೆ. ಅವರೂ ಇವ್ಯಾಂಜೆಲಿಕಲ್ ಮನೆತನದಲ್ಲೇ ಬೆಳೆದವರು. ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಬಿಳಿ-ಕಪ್ಪು ವಿದ್ಯಾರ್ಥಿಗಳ ಪ್ರೇಮಸಂಬಂಧವನ್ನು ನಿಷೇಧಿಸಿ, ವಿನಾಯಿತಿ ಕಳೆದುಕೊಂಡು, 1983ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತಿತು. ಚಳವಳಿಗೆ ಇದೊಂದೇ ಕಾರಣವೆಂದು ನಾನು ಹೇಳಲಾರೆ. ಶಾಲಾ ಪ್ರಾರ್ಥನೆಯ ಸಿಟ್ಟಿತ್ತು, ಸ್ತ್ರೀವಾದದ ಭಯವಿತ್ತು, ಗರ್ಭಪಾತದ ಬಗ್ಗೆ ನಿಜವಾಗಿ ನೊಂದ ಲಕ್ಷಾಂತರ ಸಾಮಾನ್ಯರಿದ್ದರು.

ಆ ಸಾಮಾನ್ಯರ ವಾದವನ್ನು ಎದುರಿಸದೆ ಈ ಲೇಖನ ಮುಂದೆ ಹೋಗಲಾರದು. ಅವರು ಕೇಳುತ್ತಾರೆ: ಗುಲಾಮಗಿರಿಯನ್ನು ಪಾಪವೆಂದು ಸಾರಿ ಕಾನೂನಿನಿಂದ ಕಿತ್ತುಹಾಕಿದ ಭಕ್ತರನ್ನು ನೀವು ಮೆಚ್ಚುತ್ತೀರಿ, ಹುಟ್ಟದ ಮಗುವಿಗಾಗಿ ನಾವು ಅದನ್ನೇ ಮಾಡಿದರೆ ಮತಾಂಧರೆನ್ನುತ್ತೀರಿ. ಇದಕ್ಕೆ 'ಧರ್ಮವನ್ನು ಮನೆಯಲ್ಲಿಡಿ' ಎಂಬುದು ಉತ್ತರವಲ್ಲ. ಉತ್ತರ ಹೇಳಲು ವಿಷಯಕ್ಕೇ ಇಳಿಯಬೇಕು. ಗುಲಾಮನ ಸಾಕ್ಷ್ಯವನ್ನು ಅವನೇ ಕೊಡಬಲ್ಲವನಾಗಿದ್ದ. ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ತಮ್ಮ ಬದುಕನ್ನು ತಾವೇ ಬರೆದರು; ಆ ನೆಲದ ಒಡೆಯರ ಕ್ರೈಸ್ತಧರ್ಮ ಬೇರೆ, ಕ್ರಿಸ್ತನ ಧರ್ಮ ಬೇರೆ ಎಂದು ಬಿಡಿಸಿ ತೋರಿಸಿದರು. ಅವರ ನೋವನ್ನು ಅರಿಯಲು ಬೈಬಲ್ ಓದಿರಬೇಕಿರಲಿಲ್ಲ. ಗರ್ಭಪಾತ ನಿಷೇಧ ಹಾಗಲ್ಲ. ಆರಂಭದ ದಿನಗಳ ಭ್ರೂಣ ಪೂರ್ಣ ವ್ಯಕ್ತಿಯೆಂದು ಒಪ್ಪಲು ಒಂದು ನಂಬಿಕೆ ಬೇಕು. ಆ ನಂಬಿಕೆ ಇಲ್ಲದವಳ ಮೈಮೇಲೆ ಕಾನೂನು ಬೀಳುತ್ತದೆ. ಅವಳೇನೋ ಎದುರಿಗೇ ನಿಂತಿದ್ದಾಳೆ, ಅವಳಿಗೆ ಬಾಯಿದೆ. ಇದು ನನ್ನ ವಾದ. ಗೆಲ್ಲಬಹುದು, ಸೋಲಬಹುದು, ಆದರೆ ವಾದ ಮಾಡಲೇಬೇಕು. ನಮ್ಮ ಪರಂಪರೆ ಕೋರ್ಟು ಕಾಪಾಡುತ್ತದೆಂದು ನಂಬಿ, ನೆರೆಯವನ ಜೊತೆ ಈ ವಾದ ಮಾಡುವುದನ್ನೇ ಬಿಟ್ಟಿತ್ತು.

ಇತ್ತ ಬಲಪಂಥವೂ ತನ್ನ ಮನೆಯನ್ನೇ ಕೆಡವಿಕೊಂಡಿದೆ. ಮತವಿಲ್ಲ ಎನ್ನುವ ಅಮೆರಿಕನ್ನರು 1990ರ ದಶಕದಲ್ಲಿ ಏಕಾಏಕಿ ಹೆಚ್ಚಿದ್ದಕ್ಕೆ ಧರ್ಮದ ಹೆಸರಿನ ರಾಜಕೀಯದ ಮೇಲಿನ ಬೇಸರವೂ ಒಂದು ಕಾರಣ ಎಂದು ಸಮಾಜಶಾಸ್ತ್ರಜ್ಞರಾದ ಮೈಕೆಲ್ ಹೌಟ್ ಮತ್ತು ಕ್ಲಾಡ್ ಫಿಷರ್ 2002ರಲ್ಲೇ ತೋರಿಸಿದ್ದರು. ಈಗ ಅಂಥವರು ವಯಸ್ಕರಲ್ಲಿ ಹೆಚ್ಚುಕಡಿಮೆ ನೂರಕ್ಕೆ ಮೂವತ್ತು. ಬಿಳಿಯ ಇವ್ಯಾಂಜೆಲಿಕಲರಲ್ಲಿ ಹತ್ತಕ್ಕೆ ಎಂಟು ಮಂದಿ 2016ರಿಂದ ಮೂರು ಚುನಾವಣೆಗಳಲ್ಲೂ ಟ್ರಂಪ್ ಕಡೆಗೆ. ರೋಜರ್ ವಿಲಿಯಮ್ಸ್ ಹೆದರಿದ್ದು ಇದಕ್ಕೇ.

ಗೋಡೆಯ ನೆರಳಲ್ಲಿ ನಮ್ಮವರೂ ಇದ್ದಾರೆ. 2000ದ ಸೆಪ್ಟೆಂಬರಿನಲ್ಲಿ ವಾಜಪೇಯಿ ಅವರ ಭಾಷಣದ ದಿನ ಓಹಾಯೋದ ದೇವಾಲಯವೊಂದರ ಅರ್ಚಕರು ಪ್ರತಿನಿಧಿ ಸಭೆಯಲ್ಲಿ ಮೊದಲ ಬಾರಿಗೆ ಹಿಂದೂ ಪ್ರಾರ್ಥನೆ ಸಲ್ಲಿಸಿದಾಗ ಕ್ರೈಸ್ತ ಬಲಪಂಥದ ಸಂಘಟನೆಗಳು ಆಕ್ಷೇಪಿಸಿದವು. ಚಿಕ್ಕೋಡಿಯಲ್ಲಿ ಹುಟ್ಟಿದ ಮಿಶಿಗನ್ ಸಂಸದ ಶ್ರೀ ಥಾನೇದಾರ್ 2023ರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನರ ಹೆಸರಿನಲ್ಲಿ ಕಾಂಗ್ರೆಸ್ಸಿನೊಳಗೆ ಒಂದು ಗುಂಪು ಕಟ್ಟಿದರು. ಅಲ್ಲಿ ನೆಲೆಸಿರುವ ಕನ್ನಡಿಗರು ದೇವಸ್ಥಾನ ಕಟ್ಟಿ, ರಥ ಎಳೆದು, ಯಾರಿಗೂ ಅಂಜದೆ ಬದುಕುತ್ತಿರುವುದು ಆ ಹದಿನಾರು ಪದಗಳ ಬಲದಿಂದ. ಊರಿಗೆ ಬಂದಾಗ ಇಲ್ಲಿಯ ಅಲ್ಪಸಂಖ್ಯಾತರ ವಿಷಯ ಮಾತಾಡುವಾಗಲೂ ಅದು ಅವರ ನೆನಪಿನಲ್ಲಿರಲಿ ಎಂದು ನನ್ನ ಆಸೆ.

ಹಾಗಾದರೆ ಎಲ್ಲಿ ಪಟ್ಟು ಹಿಡಿಯಬೇಕು? ಯಾರು ದೇವರ ಹೆಸರೆತ್ತಿದರು ಎಂದು ನಾನು ಕೇಳುವುದಿಲ್ಲ. ದುಡ್ಡು ಯಾರದು, ಯಾರಿಗೆ ಕಡ್ಡಾಯ ಎಂದು ಕೇಳುತ್ತೇನೆ. ಲೆಲ್ಯಾಂಡ್ ಕೇಳಿದ್ದೂ ಅದನ್ನೇ. ಆ ಅಳತೆಯಲ್ಲಿ ಕಿಂಗ್‌ರ ಮೆರವಣಿಗೆ ಗೋಡೆಯ ಇಟ್ಟಿಗೆಯೊಂದನ್ನೂ ಅಲ್ಲಾಡಿಸಲಿಲ್ಲ. ಸರ್ಕಾರಿ ಶಾಲೆಯ ಪ್ರತಿ ಕೋಣೆಯಲ್ಲೂ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂಬ ಲೂಸಿಯಾನಾದ 2024ರ ಕಾನೂನು ಗೋಡೆಯನ್ನೇ ಒಡೆಯುತ್ತದೆ.

2022ರ ಜೂನ್‌ನಲ್ಲಿ ಒಂದೇ ವಾರದೊಳಗೆ ಸುಪ್ರೀಂ ಕೋರ್ಟ್ ಮೂರು ತೀರ್ಪು ಕೊಟ್ಟಿತು. ಮೇಯ್ನ್ ರಾಜ್ಯದ ಶಿಕ್ಷಣ ಹಣದಿಂದ ಧಾರ್ಮಿಕ ಶಾಲೆಗಳನ್ನು ಹೊರಗಿಡುವಂತಿಲ್ಲ ಎಂದಿತು. ಗರ್ಭಪಾತದ ಹಕ್ಕನ್ನು ತೆಗೆಯಿತು. ಮೂರನೆಯದು ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಊರಿನ ಸರ್ಕಾರಿ ಹೈಸ್ಕೂಲಿನ ಫುಟ್‌ಬಾಲ್ ತರಬೇತುದಾರರದು. ಪಂದ್ಯ ಮುಗಿದ ಮೇಲೆ ಮೈದಾನದ ನಟ್ಟನಡುವೆ ಮಂಡಿಯೂರಿ ಪ್ರಾರ್ಥಿಸುವುದು ಅವರ ರೂಢಿ. ಅದು ಒಬ್ಬ ವ್ಯಕ್ತಿಯ ಮೌನ, ಖಾಸಗಿ ಪ್ರಾರ್ಥನೆ ಎಂದರು ಆರು ನ್ಯಾಯಮೂರ್ತಿಗಳು. ಭಿನ್ನ ತೀರ್ಪು ಬರೆದ ಸೋನಿಯಾ ಸೋಟೊಮೇಯರ್ ಅದರೊಳಗೆ ಫೋಟೋಗಳನ್ನೇ ಸೇರಿಸಿದ್ದಾರೆ. ಒಂದರಲ್ಲಿ ತರಬೇತುದಾರ ಹೆಲ್ಮೆಟ್ ಎತ್ತಿ ಹಿಡಿದು ನಿಂತಿದ್ದಾರೆ, ಸುತ್ತ ಹುಡುಗರು ಮಂಡಿಯೂರಿದ್ದಾರೆ. ಆ ತಂಡದಲ್ಲಿ ದೇವರನ್ನು ನಂಬದ ಹುಡುಗನೊಬ್ಬನಿದ್ದ. ಸೇರದಿದ್ದರೆ ಆಡಲು ಅವಕಾಶ ಕಡಿಮೆಯಾಗುತ್ತದೆಂದು ಅವನೂ ಹೋಗಿ ಮಂಡಿಯೂರುತ್ತಿದ್ದನೆಂದು ಅವನ ತಂದೆ ಶಾಲೆಗೆ ತಿಳಿಸಿದ್ದರು.  ಆ ಫೋಟೋ ನೋಡಿದಾಗಲೆಲ್ಲ ನಾನು ಅವನನ್ನು ಹುಡುಕುತ್ತೇನೆ. ಎಲ್ಲರೂ ಮಂಡಿಯೂರಿದ್ದಾರೆ, ಯಾರು ಅವನೆಂದು ತಿಳಿಯುವುದಿಲ್ಲ.