ಮದ್ದಳೆ ಕೇಳಿಸಿತು, ಮಾತು ಕೇಳಿಸಲಿಲ್ಲ

ಟಿ.ಎಸ್. ನಾಗಾಭರಣ ನನ್ನ ಅಚ್ಚುಮೆಚ್ಚಿನ ನಿರ್ದೇಶಕರು. ವಚನಕಾರ ಅಲ್ಲಮಪ್ರಭುವನ್ನು ಕುರಿತ ಅವರ ಸಿನಿಮಾ ‘ಅಲ್ಲಮ’ ನನ್ನನ್ನು ನಿರಾಸೆಗೊಳಿಸಿತು ಎಂದು ಬರೆಯಲು ಮನಸ್ಸು ಹಿಂಜರಿಯುತ್ತದೆ. ಆದರೂ ಬರೆಯಬೇಕು. ‘ಸಂತ ಶಿಶುನಾಳ ಶರೀಫ’ ಮಾಡಿದ ಕೈಯಿಂದ ಬಂದ ಚಿತ್ರವಿದು.

1990ರ ಆ ಸಿನಿಮಾದ ಹಾಡುಗಳು, ಅದು ಬಂದಾಗ ಹುಟ್ಟಿಯೇ ಇರದ ಹುಡುಗರಿಗೂ ಬಾಯಿಪಾಠ. ಬೆಂಗಳೂರಿನ ಪೀಣ್ಯದ ವರ್ಕ್‌ಶಾಪುಗಳಲ್ಲಿ ಲೇತ್ ಮುಂದೆ ನಿಂತ ಹಾವೇರಿ, ಧಾರವಾಡ ಕಡೆಯವರನ್ನು ಕೇಳಿ ನೋಡಿ. ಶರೀಫರ ಊರಾದ ಶಿಶುನಾಳ ಆ ಕಡೆಯದೇ ಎಂಬುದಷ್ಟೇ ಕಾರಣವಲ್ಲ. ಶರೀಫರ ಬದುಕು ನಡೆದದ್ದೇ ಜನರ ನಡುವೆ. ಸೋರುವ ಮನೆ ಕಂಡರೂ ಅವರಿಗೆ ಪದ ಹುಟ್ಟುತ್ತಿತ್ತು. ಘಟನೆಯನ್ನು ನೇರವಾಗಿ ತೋರಿಸಿದರೆ ಸಾಕು, ಹಾಡು ತಾನಾಗಿ ಏಳುತ್ತದೆ. ಶ್ರೀಧರ್ ಅವರ ಶರೀಫ, ಗಿರೀಶ ಕಾರ್ನಾಡರು ಮಾಡಿದ ಗುರು ಗೋವಿಂದ ಭಟ್ಟ, ಸಿ. ಅಶ್ವಥ್ ಅವರ ಸಂಗೀತ, ಯಾವುದೂ ಬೇರೆಬೇರೆ ಎನಿಸುವುದಿಲ್ಲ.

2017ರ ಜನವರಿಯಲ್ಲಿ ತೆರೆಕಂಡ ‘ಅಲ್ಲಮ’ದಲ್ಲೂ ದುಡಿಮೆಗೆ ಕೊರತೆಯಿಲ್ಲ. ಧನಂಜಯ ಪಾತ್ರಕ್ಕೆ ಮೈಮನಸ್ಸು ಒಡ್ಡಿದ್ದಾರೆ. ಬಾಪು ಪದ್ಮನಾಭ ಅವರ ಹಿನ್ನೆಲೆ ಸಂಗೀತಕ್ಕೂ ಎನ್.ಕೆ. ರಾಮಕೃಷ್ಣ ಅವರ ಪ್ರಸಾಧನಕ್ಕೂ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ.

ಚಿತ್ರ ಎಡವಿದ್ದು ಅಲ್ಲಮನನ್ನು ಹುಡುಕಿದ ಜಾಗದಲ್ಲಿ. ಹರಿಹರನ ರಗಳೆಯ ಅಲ್ಲಮ ಕಾಮಲತೆಯನ್ನು ಪ್ರೀತಿಸಿ, ಅವಳು ಸತ್ತಾಗ ದಿಕ್ಕೆಟ್ಟು ಅಲೆದವನು. ಚಾಮರಸನ ‘ಪ್ರಭುಲಿಂಗಲೀಲೆ’ಯ ಅಲ್ಲಮ ಮಾಯೆಗೆ ಸೋಲದ ದೈವ. ಸೋತ ಮನುಷ್ಯನ ಕತೆ ಸಿನಿಮಾಕ್ಕೆ ಎಷ್ಟು ಒದಗುತ್ತಿತ್ತು! ಆದರೆ ಚಿತ್ರ ಚಾಮರಸನ ಕಡೆಗೇ ವಾಲಿತು; ನಮಗೆ ಸಿಕ್ಕಿದ್ದು ಮಾಯೆ, ಅಲ್ಲಮ ನುಡಿಸುವ ಮದ್ದಳೆ, ಪುರಾಣದ ಬೆರಗು. ಶರೀಫರ ಪದದಂತೆ ತಾನಾಗಿ ಏಳುವುದಲ್ಲ ಅಲ್ಲಮನ ವಚನ; ಅದು ಒಗಟು, ಕೇಳುಗನನ್ನು ತಡೆದು ನಿಲ್ಲಿಸುವ ಮಾತು. ಇಲ್ಲಿ ಅದು ದೃಶ್ಯದ ಅಲಂಕಾರವಾಗಿ ಹಾದುಹೋಗುತ್ತದೆ, ನಮ್ಮನ್ನು ಕೆಣಕುವುದಿಲ್ಲ.

ಅಲ್ಲಮ ಜೀವಂತವಾಗಿರುವುದು ಶರಣರ ಮಾತುಕತೆಯನ್ನು ಹೆಣೆದ ‘ಶೂನ್ಯಸಂಪಾದನೆ’ಯ ಸಂವಾದಗಳಲ್ಲಿ. ಕೆರೆ ಕಟ್ಟುತ್ತಿದ್ದ ಸಿದ್ಧರಾಮನನ್ನು ಕೆಣಕಿದವನು, ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಎಲ್ಲರೆದುರು ಪ್ರಶ್ನಿಸಿದವನು ಅವನು. ಅಣ್ಣ ಅಜಗಣ್ಣನ ಸಾವಿನಲ್ಲಿ ಕುಸಿದು ಕುಳಿತ ಮುಕ್ತಾಯಕ್ಕ ಅವನ ಸಮಾಧಾನವನ್ನು ಸುಲಭಕ್ಕೆ ಒಪ್ಪಲಿಲ್ಲ, ಮಾತಿಗೆ ಮಾತು ಕೊಟ್ಟಳು. ಈ ಪ್ರಸಂಗವನ್ನು ತೋರಿಸಲು ಇಬ್ಬರು ಕಲಾವಿದರು, ಒಂದು ಹೆಣ, ಒಂದು ರಾತ್ರಿ ಇದ್ದರೆ ಸಾಕು, ಸೆಟ್ಟುಗಳ ವೈಭವ ಬೇಡವೇ ಬೇಡ. ರಂಗಭೂಮಿಯಲ್ಲಿ ಪಳಗಿದ ನಾಗಾಭರಣರಿಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರು? ಆ ಒಂದೇ ಪ್ರಸಂಗವನ್ನು ಕೈಗೆತ್ತಿಕೊಂಡು ಅವರು ಮತ್ತೊಮ್ಮೆ ಅಲ್ಲಮನ ಬಳಿಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.