ಕಲ್ಲಚ್ಚಿನ ವಿಡಂಬನ

ವಿಡಂಬನಕ್ಕೆ ನಮ್ಮ ದೇಶದಲ್ಲಿ ಎಂದೂ ಬಡತನವಿರಲಿಲ್ಲ. ಮಹೇಂದ್ರವರ್ಮನ ‘ಮತ್ತವಿಲಾಸ’ ಪ್ರಹಸನವು ಕಪಟ ತಪಸ್ವಿಗಳನ್ನೂ, ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನ ‘ನರ್ಮಮಾಲೆ’ಯು ಲಂಚಕೋರರಾದ ಕಾಯಸ್ಥರನ್ನೂ ಬಯಲಿಗೆಳೆದುವು. ಆದರೆ ಕೈಬರಹದ ಪ್ರತಿಯಲ್ಲಿ ಹುದುಗಿದ್ದ ಆ ನಗೆಯು ಪಂಡಿತಗೋಷ್ಠಿಯನ್ನು ದಾಟಿ ಎಷ್ಟು ದೂರ ಹೋಗಬಲ್ಲುದು?

1796ರ ಸುಮಾರಿಗೆ ಸೆನೆಫೆಲ್ಡರನು ಕಂಡುಹಿಡಿದ ಕಲ್ಲಚ್ಚು ಈ ಕೊರತೆಯನ್ನು ನೀಗಿಸತಕ್ಕ ಸಾಧನವಾಯಿತು. ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ನೆನೆಯಿಸಿ ಮಸಿ ಸವರಿದರೆ, ಮಸಿಯು ಜಿಡ್ಡಿಗೆ ಮಾತ್ರ ಅಂಟುವುದು. ಒದ್ದೆಯ ಭಾಗ ಅದನ್ನು ಒಲ್ಲದು. ತಾಮ್ರದ ತಗಡನ್ನು ಕೊರೆಯುವ ಶ್ರಮವೂ ಇಲ್ಲ, ಕೊರೆಯುವವನ ಕೂಲಿಯೂ ಇಲ್ಲ. ಪ್ಯಾರಿಸಿನಲ್ಲಿ ಫಿಲಿಪೋನನು 1830ರಲ್ಲಿ ‘ಲಾ ಕಾರಿಕಾತ್ಯೂರ್’ ವಾರಪತ್ರಿಕೆಯನ್ನೂ 1832ರಲ್ಲಿ ‘ಲ ಶಾರಿವಾರಿ’ ದಿನಪತ್ರಿಕೆಯನ್ನೂ ಹೊರಡಿಸಿದುದು ಈ ಬಲದಿಂದಲೇ. ಚಂದಾ ತೆರಲಾರದವರು ಓಬೇರನ ಅಂಗಡಿಯ ಕಿಟಕಿಯ ಮುಂದೆ ನೆರೆದು, ಚಿತ್ರಗಳನ್ನು ಪುಕ್ಕಟೆಯಾಗಿ ನೋಡಿ ನಗುತ್ತಿದ್ದರು.

ದೊರೆ ಲೂಯಿ ಫಿಲಿಪ್ಪನನ್ನು, ಪ್ರಜೆಗಳ ಹಣ ನುಂಗುವ ಬಕಾಸುರನೋ ಎಂಬಂತೆ ಚಿತ್ರಿಸಿದ ದೋಮಿಯೆಯು 1832ರಲ್ಲಿ ಸೆರೆಮನೆ ಸೇರಿದನು. 1835ರ ಶಾಸನವು ರಾಜಕೀಯ ಚಿತ್ರಗಳ ಬಾಯಿ ಕಟ್ಟಿತು. ಆಗ ಅವನ ದೃಷ್ಟಿ ವಕೀಲರು, ವೈದ್ಯರು, ಬಾಡಿಗೆಮನೆಯ ಒಡೆಯರು ಇವರ ಕಡೆಗೆ ತಿರುಗಿತು. ರೊಬೇರ್ ಮಕೇರನೆಂಬ ಠಕ್ಕನು ಒಂದು ಚಿತ್ರದಲ್ಲಿ ಲೇವಾದೇವಿಗಾರ, ಮತ್ತೊಂದರಲ್ಲಿ ವಕೀಲ. ದೊರೆಯನ್ನು ಕಂಡು ನಕ್ಕ ಗೃಹಸ್ಥನು ಈಗ ತನ್ನನ್ನೇ ಕಂಡು ನಗಬೇಕಾಯಿತು! ದೋಮಿಯೆಯ ಸುಮಾರು 4,000 ಕಲ್ಲಚ್ಚುಗಳಲ್ಲಿ ದೊರೆಯ ಚಿತ್ರಗಳಿಗಿಂತ ಇವೇ ಹೆಚ್ಚು ರಸವತ್ತಾದುವು. ದೊರೆಗಳು ಹೋಗುವರು, ಮಕೇರನು ಊರೂರಿನಲ್ಲಿಯೂ ಇರುವನು.

ಅದೇ ಕಲ್ಲು ಕನ್ನಡನಾಡಿಗೂ ಬಂದಿತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವು 1843ರಲ್ಲಿ ಅಲ್ಲಿಂದಲೇ ಹೊರಟಿತು. ಅನಂತರ ದಾಸರ ಪದಗಳೂ ಅಚ್ಚಾದುವು. ಡಂಭಾಚಾರವನ್ನು ದಾಸರಿಗಿಂತ ಕಟುವಾಗಿ ಹಳಿದವರಾರು? ಆದುದರಿಂದ ನಮ್ಮ ಕಲ್ಲಿನ ಮೇಲೂ ವಿಡಂಬನವು ಮೂಡಿತೆಂದೇ ಹೇಳಬೇಕು. ಆದರೆ ಮೂಡಿದುದು ಅಕ್ಷರವಾಗಿ. ಚಿತ್ರಕ್ಕೆ ಅಷ್ಟು ಅನುಕೂಲವಾದ ಸಾಧನವು ಬರಹದಲ್ಲಿಯೇ ಸವೆದುದರಿಂದ, ಓದು ಬಾರದವನನ್ನು ಮುಟ್ಟಬಹುದಾಗಿದ್ದ ದಾರಿಯೊಂದು ಮುಚ್ಚಿಯೇ ಉಳಿಯಿತು.

ಅದನ್ನು ತೆರೆಯುವುದರಲ್ಲಿ ಹೆಚ್ಚಿನ ಪಾಲು ‘ಕೊರವಂಜಿ’ಯದು. ಬೆಂಗಳೂರಿನಲ್ಲಿ ವೈದ್ಯರಾದ ‘ರಾಶಿ’, ಎಂದರೆ ಎಂ. ಶಿವರಾಂ ಅವರು, ಈ ಮಾಸಪತ್ರಿಕೆಯನ್ನು 1942ರಲ್ಲಿ ಆರಂಭಿಸಿದರು. ಹೆಸರೇ ಉಚಿತವಾದುದು: ಕೊರವಂಜಿಯು ಬೀದಿಬೀದಿ ತಿರುಗಿ, ಮೊರದ ಅಕ್ಕಿಗೆ ಮನೆಯೊಳಗಣ ಗುಟ್ಟನ್ನು ನುಡಿಯತಕ್ಕವಳು. ‘ಅನರ್ಥಕೋಶ’ದ ಕರ್ತೃಗಳಾದ ನಾ. ಕಸ್ತೂರಿಯವರ ಶ್ಲೇಷೆ ಭಾಷೆ ಬಲ್ಲವನಿಗೆ ಮಾತ್ರ ದಕ್ಕುವುದು. ಇನ್ನೂ ವಿದ್ಯಾರ್ಥಿಯಾಗಿದ್ದ ಆರ್. ಕೆ. ಲಕ್ಷ್ಮಣರ ಗೆರೆಯಾದರೋ ಮಗುವಿಗೂ ದಕ್ಕುವುದು. ದೋಮಿಯೆಯ ಕ್ರೌರ್ಯ ‘ಕೊರವಂಜಿ’ಯಲ್ಲಿಲ್ಲ. ಮನೆ, ಕಛೇರಿ, ಜಗಲಿಗಳನ್ನು ಅದು ಚಿವುಟುವುದೇ ಹೊರತು ಗಾಯಮಾಡದು. ಇದನ್ನು ಸೌಜನ್ಯವೆಂದು ಹೊಗಳುವುದುಂಟು. ಆದರೆ ಚಿವುಟಿದ ಜಾಗ ಬೇಗನೆ ಮರೆತುಹೋಗುವುದೂ ನಿಜ.

ಲಕ್ಷ್ಮಣರು ಮುಂದೆ ಮುಂಬಯಿಗೆ ಹೋದರು. ಅವರ ‘ಶ್ರೀಸಾಮಾನ್ಯ’ನು ಎಲ್ಲವನ್ನೂ ನೋಡುವನು, ಒಂದು ಮಾತನ್ನೂ ಆಡನು. ವಾಚ್ಯವನ್ನು ಬಿಟ್ಟು ವ್ಯಂಗ್ಯವೊಂದರಿಂದಲೇ ಬದುಕುವ ಇಂತಹ ಪಾತ್ರವನ್ನು ಆನಂದವರ್ಧನನು ಕಂಡಿದ್ದರೆ ಧ್ವನಿಗೆ ಉದಾಹರಣೆಯಾಗಿ ಕೊಡುತ್ತಿದ್ದನೋ ಏನೋ. ಆ ಪಾತ್ರವು ಬೆಳೆದುದು ಕನ್ನಡ ಪತ್ರಿಕೆಯಲ್ಲಲ್ಲ, ಇಂಗ್ಲಿಷ್ ದಿನಪತ್ರಿಕೆಯಲ್ಲಿ. ‘ಕೊರವಂಜಿ’ಯು 1967ರಲ್ಲಿ ನಿಂತಿತು.